ತಪಸ್ಸುಕಾಲದ ಉಪವಾಸ ಯಾರಿಗಾಗಿ?

ಬೂದಿ ಬುಧವಾರದಂದು ಕಥೋಲಿಕ ದೇವಾಲಯಗಳಲ್ಲಿ ಭಕ್ತರಿಗೆ ಬೂದಿ ಹಚ್ಚುವ ವಿಧಿಯೊಡನೆ, ಯೇಸುವಿನ ಪುನರುತ್ಥಾನವನ್ನು ಕೊಂಡಾಡುವ ಪಾಸ್ಕ ಹಬ್ಬಕ್ಕೆ ಮನಸ್ಸನ್ನು ಅಣಿಗೊಳಿಸುವ ತಪಸ್ಸುಕಾಲ ಆರಂಭವಾಗುತ್ತದೆ. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಆಶೀರ್ವದಿಸಿದ ಗರಿಗಳನ್ನು ಸುಟ್ಟು ಮಾಡುವ ಈ ಬೂದಿ ಮನುಷ್ಯನ ನಶ್ವರತೆಗೂ ಪಶ್ಚಾತ್ತಾಪಕ್ಕೂ ಸಂಕೇತ. ಆದರೆ ಅದೇ ದಿನದ ಪೂಜೆಯಲ್ಲಿ ಓದುವ ಮತ್ತಾಯನ ಶುಭಸಂದೇಶದ 6ನೆಯ ಅಧ್ಯಾಯವು, ಉಪವಾಸ ಹಿಡಿದವನು ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದು, ತನ್ನ ವ್ರತ ಪರರ ಕಣ್ಣಿಗೆ ಬೀಳದಂತೆ ನಡೆದುಕೊಳ್ಳಬೇಕೆಂದು ಬೋಧಿಸುತ್ತದೆ. ಹಣೆಯ ಮೇಲಿನ ಗುರುತನ್ನೂ ಆ ಗುರುತಿನ ಬಗೆಗಿನ ಎಚ್ಚರಿಕೆಯನ್ನೂ ಒಂದೇ ಪೂಜೆಯಲ್ಲಿ ಇರಿಸಿಕೊಂಡಿರುವುದು ಈ ಸಂಪ್ರದಾಯದ ದೊಡ್ಡ ಪ್ರಾಮಾಣಿಕತೆ.

ಬೂದಿ ಬುಧವಾರದಿಂದ ಪಾಸ್ಕದ ಮುನ್ನಾದಿನದವರೆಗೆ 46 ದಿನಗಳಿದ್ದರೂ, ಪುನರುತ್ಥಾನದ ದಿನವಾದ ಭಾನುವಾರ ಉಪವಾಸ ಸಲ್ಲದೆಂದು ಆರು ಭಾನುವಾರಗಳನ್ನು ಬಿಟ್ಟು, ಯೇಸು ಮರುಭೂಮಿಯಲ್ಲಿ ಕಳೆದ 40 ದಿನಗಳ ಲೆಕ್ಕವನ್ನು ಪಾಶ್ಚಾತ್ಯ ಸಭೆ ಕೂಡಿಸಿಕೊಂಡಿದೆ.

ಈ ಉಪವಾಸ ಯಾರಿಗಾಗಿ ಎಂಬ ಪ್ರಶ್ನೆಯನ್ನು ಅತ್ಯಂತ ತೀವ್ರವಾಗಿ ಎತ್ತಿದವನು ಜಾನ್ ಕ್ರಿಸೋಸ್ತೊಮ್. 387ರಲ್ಲಿ ಅಂತಿಯೋಕ್ಯ ನಗರದ ಜನರು ಹೊಸ ತೆರಿಗೆಯ ಮೇಲಿನ ಸಿಟ್ಟಿನಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಮತ್ತು ಅವನ ಕುಟುಂಬದವರ ಪ್ರತಿಮೆಗಳನ್ನು ಉರುಳಿಸಿದರು. ವೃದ್ಧ ಧರ್ಮಾಧ್ಯಕ್ಷ ಫ್ಲೇವಿಯನ್ ಕ್ಷಮೆ ಬೇಡಲು ಕಾನ್‌ಸ್ಟಾಂಟಿನೋಪಲ್‌ಗೆ ಹೊರಟಾಗ, ಊರಲ್ಲಿ ಉಳಿದ ಕ್ರಿಸೋಸ್ತೊಮ್ ಶಿಕ್ಷೆಯ ಭಯದಲ್ಲಿದ್ದ ಜನರಿಗೆ ತಪಸ್ಸುಕಾಲದುದ್ದಕ್ಕೂ ಪ್ರವಚನ ನೀಡಿದನು. ಬಾಯಿಯಷ್ಟೇ ಅಲ್ಲ, ಕಣ್ಣು, ಕಿವಿ, ಕೈ, ಕಾಲುಗಳೂ ಉಪವಾಸ ಹಿಡಿಯಬೇಕು, ಮಾಂಸವನ್ನು ತೊರೆದವನು ಚಾಡಿಮಾತಿನಿಂದ ಸಹೋದರನನ್ನೇ ಕಚ್ಚಿ ತಿನ್ನುತ್ತಿದ್ದರೆ ಅವನ ವ್ರತಕ್ಕೆ ಫಲವಿಲ್ಲ ಎಂಬುದು ಅವನ ವಾದ. ಇಡೀ ನಗರವೇ ದಯೆಗಾಗಿ ಕಾದಿದ್ದಾಗ, ದಯೆ ಬೇಡುವವರು ಮೊದಲು ಪರಸ್ಪರ ದಯೆ ತೋರಬೇಕೆಂಬ ಈ ಬೋಧನೆ ಬರಿಯ ನೀತಿಪಾಠವಾಗಿರಲು ಸಾಧ್ಯವಿರಲಿಲ್ಲ; ಪಾಸ್ಕದ ವೇಳೆಗೆ ಚಕ್ರವರ್ತಿಯ ಕ್ಷಮೆಯೂ ದೊರೆಯಿತು. ಮುಂದಿನ ಶತಮಾನದಲ್ಲಿ ಪೋಪ್ ಮಹಾ ಲಿಯೊ, ಉಪವಾಸಿಯ ತ್ಯಾಗ ಬಡವನ ಅನ್ನವಾಗಬೇಕೆಂದು ರೋಮಿನಲ್ಲಿ ಬೋಧಿಸಿ, ವ್ರತವನ್ನೂ ದಾನವನ್ನೂ ಬಿಡಿಸಲಾಗದಂತೆ ಬೆಸೆದನು.

ಈ ಬೆಸುಗೆ ಸಡಿಲಿದಲ್ಲೆಲ್ಲ ವ್ರತ ಬರಿಯ ಕಟ್ಟಳೆಯಾಗಿ ಉಳಿದಿದೆ. 1522ರ ತಪಸ್ಸುಕಾಲದಲ್ಲಿ ಜ್ಯೂರಿಕ್‌ನ ಮುದ್ರಕ ಫ್ರೋಶೌವರ್‌ನ ಮನೆಯಲ್ಲಿ ಕೆಲವರು ಮಾಂಸ ತಿಂದು ಸಭೆಯ ನಿಯಮವನ್ನು ಮುರಿದಾಗ, ಸುಧಾರಕ ಜ್ವಿಂಗ್ಲಿ ಅವರ ಪರ ನಿಂತು, ಧರ್ಮಗ್ರಂಥದ ಆಧಾರವಿಲ್ಲದ ನಿಯಮಕ್ಕೆ ಆತ್ಮಸಾಕ್ಷಿಯನ್ನು ಕಟ್ಟಿಹಾಕುವಂತಿಲ್ಲವೆಂದನು. ಅವನ ಆಕ್ಷೇಪ ನ್ಯಾಯವಾದದ್ದೇ. ಆದರೆ ಬಲವಂತ ಹೋದ ಮಾತ್ರಕ್ಕೆ ಹಸಿದವನ ಹಕ್ಕು ತೀರುವುದಿಲ್ಲ. 1966ರಲ್ಲಿ ಪೋಪ್ ಆರನೆಯ ಪೌಲ್ ಕಡ್ಡಾಯ ಉಪವಾಸವನ್ನು ಬೂದಿ ಬುಧವಾರ, ಶುಭ ಶುಕ್ರವಾರಗಳಿಗೆ ಸೀಮಿತಗೊಳಿಸಿದಾಗ, ಪ್ರಾರ್ಥನೆ ಮತ್ತು ದಾನಗಳನ್ನು ತಪಸ್ಸಿನ ಬೇರ್ಪಡದ ಅಂಗಗಳೆಂದೇ ಎತ್ತಿಹಿಡಿದರು. ಅದಕ್ಕೂ ಮೊದಲು, 1958ರಲ್ಲಿ, ಹಸಿವು ಮತ್ತು ರೋಗಗಳ ವಿರುದ್ಧ ಹೋರಾಡಲು ಜರ್ಮನಿಯ ಧರ್ಮಾಧ್ಯಕ್ಷರು ಸ್ಥಾಪಿಸಿದ ಮಿಸೆರೆಯೋರ್ ಸಂಸ್ಥೆ ಇಂದಿಗೂ ತಪಸ್ಸುಕಾಲದಲ್ಲೇ ತನ್ನ ಮುಖ್ಯ ಕಾಣಿಕೆಯನ್ನು ಸಂಗ್ರಹಿಸುತ್ತದೆ.