ಮುದುಕರಾಗಲು ಜಾಗ

ಬೆಳಿಗ್ಗೆ ಐದಕ್ಕೆ ಶಟರ್ ಎತ್ತಿದಾಗ ನಮ್ಮ ಹೋಟೆಲಿನಲ್ಲಿ ಈಗ ಮೊದಲು ಕಿವಿಗೆ ಬೀಳುವ ಭಾಷೆ ಒಡಿಯಾ. ಆಮೇಲೆ ಹಿಂದಿ, ತರಕಾರಿಯವನು ಬಂದ ಮೇಲೆ ಮರಾಠಿ. ಬೋರ್ಡಿನಲ್ಲಿ ಮಾತ್ರ ‘ಉಡುಪಿ’ ಎಂದಿದೆ. ಪುಣೆಯ ಕರ್ವೆ ರಸ್ತೆಯ ಒಳಗಲ್ಲಿಯಲ್ಲಿ ಈ ಹೋಟೆಲನ್ನು ನನ್ನ ಸೋದರಮಾವ 1971ರಲ್ಲಿ ಶುರುಮಾಡಿದರು. 1986ರಲ್ಲಿ ಪಿಯುಸಿ ಫೇಲಾಗಿ ಕುಂದಾಪುರದ ಕಡೆಯಿಂದ ಬಂದು ಗಲ್ಲಾದ ಪಕ್ಕ ನಿಂತ ನಾನು ಇನ್ನೂ ಅಲ್ಲೇ ಇದ್ದೇನೆ.

ಮಾವನ ಕಾಲದಲ್ಲಿ ಜನ ಬೇಕಾದರೆ ಊರಿಗೊಂದು ಇನ್‌ಲ್ಯಾಂಡ್ ಲೆಟರು ಬರೆದರೆ ಮುಗಿಯಿತು. ಕೋಟೇಶ್ವರ, ತೆಕ್ಕಟ್ಟೆ, ಬಸ್ರೂರು ಬಿಟ್ಟರೆ ಬೇರೆ ಕಡೆಯವರು ಒಳಗೆ ಇರಲಿಲ್ಲ. ರಾತ್ರಿ ಗಿರಾಕಿಗಳು ಹೋದ ಮೇಲೆ ಅದೇ ಟೇಬಲುಗಳನ್ನು ಜೋಡಿಸಿ ಎಲ್ಲರೂ ಮಲಗುತ್ತಿದ್ದರು. ಲೋಟ ತೊಳೆಯಲು ಬರುತ್ತಿದ್ದ ಮಾಣಿಗಳಿಗೆ ಹನ್ನೊಂದೋ ಹನ್ನೆರಡೋ ವಯಸ್ಸು. ಹದಿನಾಲ್ಕು ತುಂಬದವರನ್ನು ಹೋಟೆಲುಗಳಲ್ಲಿ ದುಡಿಸಬಾರದೆಂದು 2006ರ ಅಕ್ಟೋಬರ್ 10ರಿಂದ ನಿಷೇಧ ಬಂದಾಗ ಬಹಳ ಮಾಲೀಕರು ಗೊಣಗಿದರು. ನನಗೆ ಮಾತ್ರ ಆ ಮಾಣಿಗಳ ಬಿಳಿಚಿಕೊಂಡ ಬೆರಳುಗಳೇ ನೆನಪಾದವು.

ಆದರೆ ವಯಸ್ಸಿನ ಇನ್ನೊಂದು ತುದಿಯಲ್ಲಿ ಮಾವ ನನಗಿಂತ ದೊಡ್ಡ ಮನುಷ್ಯ. ಅಡಿಗೆ ಭಟ್ಟರಿಗೆ ಕಣ್ಣಿನ ಪೊರೆ ಬಂದು ಕಾವಲಿ ಕಾಣದಾದಾಗಲೂ ಅವರನ್ನು ಕಳಿಸಲಿಲ್ಲ. ಕೊನೆಯ ಆರು ವರ್ಷ ಭಟ್ಟರು ಒಲೆಯ ಹತ್ತಿರ ಸ್ಟೂಲಿನ ಮೇಲೆ ಕೂತು, ಸಾಂಬಾರಿನ ವಾಸನೆ ಹಿಡಿದೇ ‘ಹುಣಸೆ ಇನ್ನೂ ಕುದೀಲಿಲ್ಲ’ ಅನ್ನುತ್ತಿದ್ದರು. ಸಂಬಳ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ.

ಅದೇ ಮಾವ, 1993ರ ಸೆಪ್ಟೆಂಬರಿನಲ್ಲಿ ಕಿಲ್ಲಾರಿಯ ಭೂಕಂಪವಾದ ಮೇಲೆ ಲಾತೂರಿನ ಕಡೆಯಿಂದ ಹುಡುಗನೊಬ್ಬ ಬಂದು ಕೆಲಸ ಕೇಳಿದಾಗ, ಹೊಟ್ಟೆ ತುಂಬ ಊಟ ಹಾಕಿ, ಕೈಗೆ ಐವತ್ತು ರೂಪಾಯಿ ಕೊಟ್ಟು, ಇಲ್ಲ ಎಂದರು. ಅವನು ಹೋದ ಮೇಲೆ ನನಗೆ ಹೇಳಿದ್ದು: “ಭಾಷೆ ಬಾರದವ ಭಟ್ರ ಕೈಕೆಳಗೆ ಹ್ಯಾಂಗ್ ಇಪ್ಪುದ್?” ಭಾಷೆ ಅನ್ನುವ ಮಾತಿನೊಳಗೆ ಜಾತಿಯೂ ಇತ್ತೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ಹುಡುಗನ ನೆಲದಲ್ಲಿ ಹೋಟೆಲಿಟ್ಟುಕೊಂಡ ಪರಊರಿನವರು ನಾವು. ಬಾಗಿಲು ಹಾಕಿದ್ದೂ ನಾವೇ!

ಭಟ್ಟರಿಗೆ ಸ್ಟೂಲು ಕೊಟ್ಟ ಮನಸ್ಸೂ ಆ ಹುಡುಗನನ್ನು ಕಳಿಸಿದ ಮನಸ್ಸೂ ಒಂದೇ ಆಗಿತ್ತೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ‘ನಮ್ಮವರು’ ಎಂದು ಗೆರೆ ಎಳೆದುಕೊಂಡದ್ದರಿಂದಲೇ ಒಳಗಿನವರನ್ನು ಕೊನೆತನಕ ನೋಡಿಕೊಳ್ಳಬೇಕು ಅನಿಸಿತೋ ಏನೋ. ಹಾಗಾದರೆ ಗೆರೆ ಅಳಿಸಿದವನು ಯಾರನ್ನು ನೋಡಿಕೊಳ್ಳುತ್ತಾನೆ?

ಗೆರೆ ಅಳಿಸಿದವನು ನಾನೇ. ಇದನ್ನು ದೊಡ್ಡ ಗುಣವೆಂದು ಹೇಳಿಕೊಳ್ಳಲಾರೆ. ಊರಿನ ಹುಡುಗರು ಓದಿ ಬೆಂಗಳೂರು, ದುಬೈ ಸೇರಿದರು. ಕರೆದರೂ ಯಾರೂ ಬರಲಿಲ್ಲ. ಹಾಗಾಗಿ ಗಂಜಾಂ ಜಿಲ್ಲೆಯ ಹುಡುಗರು ಬಂದರು, ನೇಪಾಳದವರು ಬಂದರು, ಸೋಲಾಪುರದ ಅಕ್ಕ ಒಬ್ಬರು ಚಪಾತಿ ಲಟ್ಟಿಸಲು ಬಂದರು. ಯಾರ ಜಾತಿಯನ್ನೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಬೇರೆ ಏನನ್ನೂ ಕೇಳಲಿಲ್ಲ. ಒಳಗೆ ದುಡಿಯುವವರು ಹದಿನಾಲ್ಕು ಜನ. ಪುಸ್ತಕದಲ್ಲಿ ಒಂಬತ್ತೇ ಹೆಸರು. ಹತ್ತು ಜನ ಇದ್ದ ಕಡೆ 1972ರ ಗ್ರಾಚ್ಯುಯಿಟಿ ಕಾನೂನು ಹತ್ತುತ್ತಿತ್ತು: ಐದು ವರ್ಷ ದುಡಿದವನು ಬಿಟ್ಟು ಹೋಗುವಾಗ ವರ್ಷಕ್ಕೆ ಹದಿನೈದು ದಿನದ ಸಂಬಳದ ಲೆಕ್ಕದಲ್ಲಿ ಕೊಡಬೇಕು. ಒಂಬತ್ತರಲ್ಲಿ ನಿಲ್ಲಿಸುವ ಉಪಾಯ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮಾವನ ಕಾಲದವರಲ್ಲಿ ಉಳಿದಿದ್ದವರು ಸಪ್ಲಾಯರ್ ಅಣ್ಣಯ್ಯ ಒಬ್ಬರೇ. 1988ರಲ್ಲಿ ಬಂದವರು, ಮದುವೆಯಿಲ್ಲ. ಹೊಸಬರಿಗೆಲ್ಲ ಅವರೇ ಗುರು. ಹಿಂದಿ ಅವರಿಗೆ ಅಷ್ಟಕ್ಕಷ್ಟೇ. ಹಾಗಾಗಿ ಗಂಜಾಂನ ಹುಡುಗನೊಬ್ಬ ಹೋಟೆಲು ಕೆಲಸವನ್ನು ಕುಂದಾಪ್ರ ಕನ್ನಡದಲ್ಲೇ ಕಲಿತ. ‘ಎಂತ ಬೇಕ್ ಸಾರ್?’ ಎಂದು ಅವನು ಕೇಳಿದರೆ ಕನ್ನಡದ ಗಿರಾಕಿಗಳು ಅವನ ಊರು ಯಾವುದೆಂದು ವಿಚಾರಿಸುತ್ತಿದ್ದರು.

2019ರಲ್ಲಿ ಬಿಲ್ಲಿನ ಹೊಸ ಮಿಷಿನು ತಂದೆ. ಅಣ್ಣಯ್ಯನಿಗೆ ಆಗ ಅರವತ್ತಮೂರು, ಮಂಡಿ ನೋವು, ಮಿಷಿನಿನ ಸಣ್ಣ ಅಕ್ಷರ ಕಾಣದು. “ನಂಗ್ ಇದನ್ನ್ ಒತ್ತೂಕೆ ಬತ್ತಿಲ್ಲೆ ಮಾರಾಯ” ಎಂದು ನಕ್ಕರು. ನಾನು ನಗಲಿಲ್ಲ. ಹದಿನಾಲ್ಕು ಜನರ ಹೋಟೆಲಿನಲ್ಲಿ ಒಬ್ಬ ನಿಧಾನವಾದರೆ ಹದಿಮೂರು ಜನಕ್ಕೂ ಭಾರ, ಇದು ಸುಳ್ಳಲ್ಲ. ‘ಊರಿಗೆ ಹೋಗಿ ಆರಾಮಾಗಿರಿ’ ಎಂದು ಎರಡು ತಿಂಗಳ ಸಂಬಳ ಕೊಟ್ಟು ಬಸ್ಸು ಹತ್ತಿಸಿದೆ. ಒಂಬತ್ತು ಹೆಸರುಗಳಲ್ಲಿ ಅವರದ್ದಿತ್ತು. ಆದರೂ ಮೂವತ್ತೊಂದು ವರ್ಷದ ಲೆಕ್ಕವನ್ನು ಅವರೂ ಕೇಳಲಿಲ್ಲ, ನಾನೂ ತೆಗೆಯಲಿಲ್ಲ. ಗಲ್ಲಾದ ಪಕ್ಕ ಒಂದು ಸ್ಟೂಲಿಗೆ ಜಾಗವಿತ್ತು. ಅದು ಆಗ ಹೊಳೆಯಲಿಲ್ಲ ಎಂದರೆ ನೀವು ನಂಬಬೇಡಿ.

ಅವರು ಹೋದ ಮೇಲೆ ಆದದ್ದು ನಿಧಾನವಾಗಿ ಕಣ್ಣಿಗೆ ಬಿತ್ತು. ಒಡಿಯಾದವರು ಒಂದು ಕಡೆ, ನೇಪಾಳದವರು ಒಂದು ಕಡೆ ಊಟಕ್ಕೆ ಕೂರತೊಡಗಿದರು. ಹೊಸಬ ಬಂದರೆ ತನ್ನವರ ಹತ್ತಿರವೇ ಕಲಿಯುತ್ತಿದ್ದ. ಮಾವನದ್ದು ಒಂದು ಊರಿನ ಹೋಟೆಲು. ನನ್ನದು ಒಂದೇ ಸೂರಿನಡಿ ಮೂರು ಊರಿನ ಮೂರು ಹೋಟೆಲಾಗಿತ್ತು. 2020ರ ಮೇನಲ್ಲಿ ಶ್ರಮಿಕ ರೈಲುಗಳು ಶುರುವಾದಾಗ ಒಡಿಯಾದವರು ಒಟ್ಟಿಗೇ ಹೊರಟರು. ಹೋಗುವಾಗ ಕುಂದಾಪ್ರ ಕನ್ನಡದ ಹುಡುಗ ಅಣ್ಣಯ್ಯನ ಫೋನ್ ನಂಬರು ಕೇಳಿದ. ನನ್ನದು ಕೇಳಲಿಲ್ಲ. ಇರಲಿ, ಅದು ಅವನಲ್ಲಿ ಇತ್ತಲ್ಲ.

ಫರ್ಗ್ಯುಸನ್ ರಸ್ತೆಯ ‘ವೈಶಾಲಿ’ಯ ಜಗನ್ನಾಥ ಶೆಟ್ಟರು 2023ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡಾಗ ಪುಣೆಯ ಜನ ಅವರನ್ನು ತಮ್ಮ ಊರಿನವರಂತೆಯೇ ನೆನೆದರು. ಓದುತ್ತಾ ಹೆಮ್ಮೆಯಾಯಿತು, ಜೊತೆಗೆ ಸಣ್ಣ ಕಸಿವಿಸಿ. ಕರಾವಳಿಯಿಂದ ಬಂದವನೊಬ್ಬನಿಗೆ ಈ ಊರು ಇಲ್ಲೇ ಮುದುಕನಾಗಲು ಬಿಟ್ಟಿತ್ತು. ನನ್ನ ಹತ್ತಿರ ಬಂದವರಿಗೆ ನಾನು ಕೊಟ್ಟಿದ್ದು ಕೆಲಸವೊಂದನ್ನೇ. ಎಲ್ಲ ಊರಿನವರನ್ನೂ ಸೇರಿಸಿಕೊಂಡೆ ಎಂದು ಹೇಳುವುದಕ್ಕೆ ಅಷ್ಟು ಸಾಕೆ? ಇಪ್ಪತ್ತರ ಹುಡುಗ ಬೇಕು, ಅವನ ಅರವತ್ತು ಬೇಡ ಎಂದರೆ ಅವನನ್ನು ನಿಜಕ್ಕೂ ಒಳಗೆ ಕರೆದ ಹಾಗಾಯಿತೆ?

ಆ ವರ್ಷ ಅಣ್ಣಯ್ಯನ ಲೆಕ್ಕ ತೆಗೆದು, ಹಣ ಕಳಿಸಿ, ವಾಪಸು ಬರುತ್ತೀರಾ ಎಂದು ಫೋನಿನಲ್ಲಿ ಕೇಳಿದೆ. “ಈಗ ಎಂತ ಕೆಲ್ಸಕ್ಕೆ?” ಎಂದರು. ಕೋಪವಿರಲಿಲ್ಲ, ನಿಜಕ್ಕೂ ತಿಳಿಯಲು ಕೇಳಿದ್ದು. ಅವರು ಬರಲಿಲ್ಲ.

ಗಂಜಾಂನ ಹುಡುಗ ಮಾತ್ರ 2021ರಲ್ಲೇ ವಾಪಸು ಬಂದಿದ್ದ. ಈಗ ವಾರಜೆಯಲ್ಲಿ ಸಣ್ಣ ಮನೆ ಮಾಡಿದ್ದಾನೆ, ಮಗಳು ಮರಾಠಿ ಶಾಲೆಗೆ ಹೋಗುತ್ತಾಳೆ. ಮೊನ್ನೆ ರಾತ್ರಿ ಶಟರ್ ಎಳೆದ ಮೇಲೆ ಗಲ್ಲಾದ ಹತ್ತಿರ ನಿಂತು, “ಅಣ್ಣಾ, ನನ್ ಹೆಸ್ರ್ ಪುಸ್ತಕದಲ್ ಇತ್ತಾ?” ಎಂದ.

ಪುಸ್ತಕ ತೆಗೆದೆ. ಹನ್ನೊಂದು ವರ್ಷದಿಂದ ಅವನನ್ನು ಒಂದು ಅಡ್ಡಹೆಸರಿನಿಂದ ಕರೆಯುತ್ತಿದ್ದೆ. ಆಧಾರ್ ಕಾರ್ಡಿನ ಪ್ರತಿ ಎಲ್ಲೋ ಇತ್ತು, ಓದಿರಲಿಲ್ಲ. ಪೂರ್ತಿ ಹೆಸರು ಕೇಳಿದೆ. ಅವನು ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ, ನಾನು ಬರೆದುಕೊಂಡೆ. ಅವನ ಕೆಳಗೆ ಇನ್ನೂ ನಾಲ್ಕು ಹೆಸರು ಬರೆಯುವುದಿತ್ತು.