ವಿದ್ಯೆಯ ಋಣ ಯಾರಿಗೆ?

ವಾಚಕರೇ, ಸತ್ಕಾರ್ಯಕ್ಕೆ ವಿನಿಯೋಗವಾಗುವ ಹಣವು ಎಲ್ಲಿಂದ ಬಂದಿತೆಂದು ವಿಚಾರಿಸುವುದು ಅವಶ್ಯವೇ? ವಿನಿಯೋಗ ಶುದ್ಧವಾಗಿದ್ದರೆ ಮೂಲವನ್ನು ಕೆದಕಬೇಕಾಗಿಲ್ಲವೆಂಬುದು ಹಲವರ ಮತ. ನಮ್ಮ ಕರ್ನಾಟಕವೂ ಅನೇಕ ವರ್ಷ ಲಾಟರಿ ನಡೆಸಿ, 2007ರಲ್ಲಿ ಅದನ್ನು ನಿಲ್ಲಿಸಿತು. ಆ ಹಣವೆಲ್ಲ ವಿದ್ಯೆಗೇ ಮೀಸಲಾಗಿದ್ದಿದ್ದರೆ ನಮ್ಮ ತೀರ್ಮಾನ ಬೇರೆಯಾಗುತ್ತಿತ್ತೇ? ಅಮೆರಿಕದ ಜಾರ್ಜಿಯಾ ರಾಜ್ಯದ ಅನುಭವವು ಈ ಪ್ರಶ್ನೆಗೆ ಬೆಳಕು ಚೆಲ್ಲುತ್ತದೆ.

ಅಲ್ಲಿ ಜೆಲ್ ಮಿಲ್ಲರ್ ಎಂಬವರು 1990ರ ಚುನಾವಣೆಯಲ್ಲಿ ಲಾಟರಿಯ ಆಶ್ವಾಸನೆ ನೀಡಿ ಗವರ್ನರ್ ಆದರು. 1992ರ ಜನಮತಗಣನೆಯಲ್ಲಿ ಅಲ್ಪ ಬಹುಮತದಿಂದ ಅದಕ್ಕೆ ಒಪ್ಪಿಗೆ ದೊರೆತು, 1993ರ ಜೂನ್ ತಿಂಗಳಲ್ಲಿ ಟಿಕೆಟ್ ಮಾರಾಟ ಆರಂಭವಾಯಿತು. ಬಂದ ಆದಾಯ ಶಿಕ್ಷಣಕ್ಕೆ ಮಾತ್ರ. ಮುಖ್ಯವಾಗಿ ‘ಹೋಪ್’ ಎಂಬ ಕಾಲೇಜು ವಿದ್ಯಾರ್ಥಿವೇತನ, ಮತ್ತು ನಾಲ್ಕು ವರ್ಷದ ಮಕ್ಕಳಿಗೆ ಉಚಿತ ಶಿಶುಶಾಲೆ. ಟಿಕೆಟ್ಟಿಗೆ ತೆತ್ತ ಹಣದಲ್ಲಿ ದೊಡ್ಡ ಪಾಲು ಬಹುಮಾನವಾಗಿ ಹಿಂದಿರುಗುತ್ತದೆ. ಅಂಗಡಿಯವರ ಕಮಿಷನ್, ಜಾಹೀರಾತು ಮೊದಲಾದವು ಕಳೆದು ಸುಮಾರು ಕಾಲುಭಾಗ ವಿದ್ಯೆಗೆ ಸಲ್ಲುತ್ತದೆ. ಮೂವತ್ತು ವರ್ಷಗಳಲ್ಲಿ ಹೀಗೆ ಸಂದ ಹಣ 2500 ಕೋಟಿ ಡಾಲರಿಗೂ ಹೆಚ್ಚು. ಇದು ಅಲ್ಪ ಸಾಧನೆಯಲ್ಲ.

ಆದರೆ ಕೊಟ್ಟವರು ಯಾರು, ಪಡೆದವರು ಯಾರು? ವರಮಾನ ಕಡಿಮೆಯಿರುವ ಮನೆಗಳೇ ತಮ್ಮ ಗಳಿಕೆಯ ಹೆಚ್ಚಿನ ಪಾಲನ್ನು ಟಿಕೆಟ್ಟಿಗೆ ಸುರಿಯುತ್ತವೆಂಬುದು ಅಲ್ಲಿಯ ಅರ್ಥಶಾಸ್ತ್ರಜ್ಞರಿಗೆ ಮತ್ತೆಮತ್ತೆ ಕಂಡುಬಂದ ಸಂಗತಿ. ವಿದ್ಯಾರ್ಥಿವೇತನಕ್ಕಾದರೋ ಅಂಕಗಳೇ ಅಳತೆಗೋಲು. ಮೊದಲ ವರ್ಷ ಕುಟುಂಬದ ವರಮಾನ 66,000 ಡಾಲರ್ ಮೀರಬಾರದೆಂಬ ನಿಯಮವಿತ್ತು. ಮರುವರ್ಷ ಆ ಮಿತಿ ಒಂದು ಲಕ್ಷಕ್ಕೇರಿತು. 1995ರಲ್ಲಿ ಮಿತಿಯೇ ಇಲ್ಲವಾಯಿತು. ಇನ್ನೂ ವಿಚಿತ್ರವೆಂದರೆ, ಬಡ ವಿದ್ಯಾರ್ಥಿಗೆ ಕೇಂದ್ರ ಸರ್ಕಾರದಿಂದ ಸಿಗುವ ‘ಪೆಲ್’ ಸಹಾಯಧನದಷ್ಟನ್ನು ಆ ದಶಕದಲ್ಲಿ ‘ಹೋಪ್’ನಿಂದ ಕಳೆಯುತ್ತಿದ್ದರು. ಶ್ರೀಮಂತನ ಮಗನಿಗೆ ಪೂರ್ಣ ಶುಲ್ಕ ದೊರೆಯುವಾಗ, ಕಡುಬಡವನ ಮಗನ ಪಾಲಿಗೆ ಉಳಿಯುತ್ತಿದ್ದುದು ಬಹುಮಟ್ಟಿಗೆ ಪುಸ್ತಕದ ಭತ್ಯೆ. ಶಿಶುಶಾಲೆಯ ವಿಷಯದಲ್ಲಿ ಈ ಆಕ್ಷೇಪ ಅಷ್ಟಾಗಿ ನಿಲ್ಲದೆಂಬುದನ್ನೂ ಹೇಳಬೇಕು. ಅದರ ಬಾಗಿಲು 1995ರಿಂದ ಎಲ್ಲ ಮಕ್ಕಳಿಗೂ ತೆರೆದಿದೆ.

ಹಣಕಾಸಿನ ನಿರ್ವಹಣೆಯನ್ನು ನೋಡಿ. ಕಾಲೇಜು ಶುಲ್ಕ ಏರಿದಷ್ಟು ವೇಗವಾಗಿ ಲಾಟರಿಯ ಆದಾಯ ಏರಲಿಲ್ಲ. 2011ರಲ್ಲಿ ವಿದ್ಯಾರ್ಥಿವೇತನವನ್ನು ಮೊಟಕುಗೊಳಿಸಿ, ಅತ್ಯುನ್ನತ ಅಂಕ ಪಡೆದವರಿಗೆ ಮಾತ್ರ ಪೂರ್ಣ ಶುಲ್ಕ ಉಳಿಸಿದರು. ಅನಂತರ ಮೀಸಲು ನಿಧಿ 100 ಕೋಟಿ ಡಾಲರನ್ನು ದಾಟಿ ಬೆಳೆಯಿತು. ಪೂರ್ಣ ಶುಲ್ಕ ಮತ್ತೆ ಎಲ್ಲ ‘ಹೋಪ್’ ವಿದ್ಯಾರ್ಥಿಗಳಿಗೆ ದೊರೆತದ್ದು 2023ರಲ್ಲಿ. ಆಪತ್ಕಾಲಕ್ಕೆ ಕೂಡಿಡುವುದು ವಿವೇಕವೇ ಸರಿ. ಆದರೆ ಕೂಲಿಯವನ ಕಿಸೆಯಿಂದ ವಿದ್ಯೆಯ ಹೆಸರಿನಲ್ಲಿ ಬಂದ ಹಣ, ವಿದ್ಯಾರ್ಥಿಗಳಿಗೆ ಸಾಲದಾದಾಗ ಖಜಾನೆಯಲ್ಲಿ ರಾಶಿಯಾಗುವುದನ್ನು ಏನೆನ್ನೋಣ!

ಯಾರನ್ನೂ ಬಲಾತ್ಕರಿಸುವುದಿಲ್ಲವಲ್ಲ ಎಂದು ತಾವು ಕೇಳಬಹುದು. ನಿಜ. ಆದರೆ ಜಾಹೀರಾತು ಕೊಟ್ಟು ಕರೆಯುವುದು ಸರ್ಕಾರವೇ ತಾನೆ? ಗೆಲುವಿನ ಸಂಭವ ಎಷ್ಟು ಕಡಿಮೆಯೆಂಬ ಲೆಕ್ಕವನ್ನು ಶಾಲೆಯಲ್ಲಿ ಕಲಿಸುವ ಸರ್ಕಾರವೇ, ಪ್ರಜೆಯು ಅಂಗಡಿಯ ಮುಂದೆ ಆ ಲೆಕ್ಕವನ್ನು ಮರೆಯಲೆಂದು ಹಾರೈಸಬೇಕಾಗುತ್ತದೆ. ಮರೆಯದಿದ್ದರೆ ಶಾಲೆಗೆ ಹಣವಿಲ್ಲ.

ಭಕ್ತರು ಹೊತ್ತು ತಂದ ಜೋಳದಿಂದ ಉಂಡು ಕಲಿತವರು ತಮ್ಮಲ್ಲಿ ಅನೇಕರಿರಬಹುದು. ಆ ಜೋಳ ಕೊಟ್ಟವನಿಗೆ ತಾನು ಕೊಡುತ್ತಿದ್ದೇನೆಂಬುದು ತಿಳಿದಿತ್ತು; ಉಂಡವನಿಗೆ ತಾನು ಋಣಿಯೆಂಬುದೂ ತಿಳಿದಿತ್ತು. ಟಿಕೆಟ್ ಕೊಂಡವನು ದಾನ ಮಾಡಲಿಲ್ಲ, ಸೋತ. ಅವನಿಗೆ ಬೇಕಾಗಿದ್ದುದು ತನ್ನ ಮನೆಯ ಸಾಲ ತೀರಿಸುವ ಬಹುಮಾನ; ಯಾರದೋ ಮಗನ ಪದವಿಯಲ್ಲ. ಪದವಿ ಪಡೆದ ಆ ತರುಣನು ಕೃತಜ್ಞತೆಯಿಂದ ಕೈಮುಗಿಯಬೇಕೆಂದರೆ ಯಾರ ಕಡೆಗೆ ತಿರುಗಬೇಕು?