ಉಸಿರಿನ ಋಣ

ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ನುಡಿಸುವವರು ಪೇಟಿ ಮಾಸ್ತರರು. ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳ ಭಜನೆಯಾಗಲಿ, ಕೊಪ್ಪಳದ ಜಾತ್ರೆಗೆ ಬಂದ ಕಂಪನಿ ನಾಟಕವಾಗಲಿ, ಮೊದಲು ಏಳುವ ಸ್ವರ ಪೇಟಿಯದು. ಕೊನೆಗೆ ಅಡಗುವುದೂ ಅದೇ. ಆದರೆ ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ ನಟಿಯ ಹೆಸರು ದಪ್ಪಕ್ಷರದಲ್ಲಿರುತ್ತದೆ, ಮಾಸ್ತರರ ಹೆಸರನ್ನು ಹುಡುಕಬೇಕು. ಇದನ್ನು ಕಂಡಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ: ನಮಗೆ ಸುಖ ಕೊಟ್ಟವನಿಗೆ ನಾವು ಕೊಡಬೇಕಾದದ್ದೇನು? ಕೊಡಬೇಕಾದದ್ದು ಯಾವಾಗ?

ಪೇಟಿಗೆ ಒಬ್ಬ ತಮ್ಮನಿದ್ದಾನೆ, ಮೌತ್ ಆರ್ಗನ್. ಎರಡರ ಹೊಟ್ಟೆಯಲ್ಲೂ ಇರುವುದು ಲೋಹದ ತೆಳು ನಾಲಿಗೆಗಳೇ. ಗಾಳಿ ಹಾಯ್ದರೆ ಅವು ನಡುಗಿ ಸ್ವರವಾಗುತ್ತವೆ. ಅಣ್ಣನಿಗೆ ತಿದಿಯ ಗಾಳಿ, ತಮ್ಮನಿಗೆ ಮನುಷ್ಯನ ಉಸಿರು. ರಾಮನಗರದ ಬಂಡೆಗಳ ನಡುವೆ ತೆಗೆದ, 1975ರಲ್ಲಿ ಬಂದ ‘ಶೋಲೆ’ ಚಿತ್ರದ ಮೌತ್ ಆರ್ಗನ್ ಧಾಟಿಯನ್ನು ಗಂಗಾವತಿಯ ಸಂತೆಯಲ್ಲಿ ಕೇಳಿದರೂ ಯಾರಾದರೂ ಗುನುಗಿ ತೋರಿಸುತ್ತಾರೆ. ತೆರೆಯ ಮೇಲೆ ಊದಿದವರು ಅಮಿತಾಭ್ ಬಚ್ಚನ್. ನಿಜವಾಗಿ ಊದಿದವರು ಭಾನು ಗುಪ್ತ. ಆ ಹೆಸರನ್ನು ಎಷ್ಟು ಜನ ಬಲ್ಲರು?

ಅಮೆರಿಕದ ಡಿಫೋರ್ಡ್ ಬೇಲಿಯದು ಇನ್ನೂ ಕಠಿಣವಾದ ಕಥೆ. ಗುಲಾಮರ ವಂಶದಲ್ಲಿ 1899ರಲ್ಲಿ ಹುಟ್ಟಿದವನು. ಎಳವೆಯಲ್ಲೇ ಪೋಲಿಯೋ ತಗುಲಿ ಮೈ ಕುಳ್ಳಾಗಿ ಉಳಿಯಿತು. ಅಂಗೈಯಗಲದ ವಾದ್ಯದಲ್ಲಿ ಅವನು ರೈಲನ್ನೇ ಓಡಿಸುತ್ತಿದ್ದ. ನ್ಯಾಶ್‌ವಿಲ್ ರೇಡಿಯೋದ ಹೆಸರಾಂತ ಹಳ್ಳಿ ಸಂಗೀತ ಕಾರ್ಯಕ್ರಮಕ್ಕೆ ‘ಗ್ರ್ಯಾಂಡ್ ಓಲ್ ಓಪ್ರಿ’ ಎಂಬ ಹೆಸರು ಬಿದ್ದದ್ದು 1927ರಲ್ಲಿ, ಅವನ ಆ ರೈಲಿನ ವಾದನದ ಸಂದರ್ಭದಲ್ಲೇ. ಊರೂರಿಗೆ ಮೇಳ ಹೋದಾಗ ಜನ ಅವನಿಗಾಗಿ ಮುಗಿಬೀಳುತ್ತಿದ್ದರು. ರಾತ್ರಿ ಮಾತ್ರ, ಕರಿಯನೆಂಬ ಕಾರಣಕ್ಕೆ, ಜೊತೆಗಾರರು ತಂಗಿದ ಹೋಟೆಲಿನಲ್ಲಿ ಅವನಿಗೆ ಜಾಗವಿಲ್ಲ. ಹಾಡುಗಳ ಹಕ್ಕಿನ ಬಗ್ಗೆ ರೇಡಿಯೋದವರ ಜಗಳ ನಡೆದಿದ್ದ 1941ರಲ್ಲಿ, ಹೊಸ ಧಾಟಿ ಕಲಿಯಲಿಲ್ಲವೆಂದು ಅವನನ್ನು ಬಿಡಿಸಿದರು. ಮುಂದೆ ಬೂಟು ಪಾಲಿಶ್ ಅಂಗಡಿಯಿಂದ ಬದುಕಿದ. 1982ರಲ್ಲಿ ತೀರಿಕೊಂಡ. ಕಂಟ್ರಿ ಸಂಗೀತದ ಗೌರವ ಮಂದಿರದಲ್ಲಿ ಅವನ ಹೆಸರು ಸೇರಿದ್ದು 2005ರಲ್ಲಿ.

ಬೇಲಿ ಹೊರಬೀಳುವ ಹಿಂದಿನ ವರ್ಷವೇ, 1940ರಲ್ಲಿ, ನಮ್ಮ ಆಕಾಶವಾಣಿ ಹಾರ್ಮೋನಿಯಮನ್ನು ಹೊರಹಾಕಿತ್ತು. ಮೀಂಡ್ ಬಾರದು, ಸೂಕ್ಷ್ಮ ಶ್ರುತಿ ಹಿಡಿಯದು ಎಂಬುದು ಆಕ್ಷೇಪ. ಆಕ್ಷೇಪದಲ್ಲಿ ಹುರುಳಿತ್ತು. ಆದರೆ 1971ರವರೆಗೆ ಆ ಬಾಗಿಲ ಹೊರಗೆ ನಿಂತದ್ದು ಬರೀ ಮರದ ಪೆಟ್ಟಿಗೆಯಲ್ಲ. ಅದನ್ನೇ ನಂಬಿದ ಮಾಸ್ತರರೂ ನಿಂತರು. ನಿಯಮ ಮಾಡುವವರ ಕಣ್ಣಿಗೆ ವಾದ್ಯ ಬಿದ್ದಷ್ಟು ಸುಲಭವಾಗಿ ಮನುಷ್ಯ ಬೀಳುವುದಿಲ್ಲ.

‘ಕಲೆಯೇ ಕಲಾವಿದನ ಸಂಬಳ’ ಎಂದು ಹೇಳುವವರುಂಟು. ರೇಡಿಯೋ ಬಿಟ್ಟ ಮೇಲೂ ಬೇಲಿ ಮನೆಯಲ್ಲಿ ನುಡಿಸುವುದನ್ನು ಬಿಡಲಿಲ್ಲವಷ್ಟೆ? ನಿಜ. ಆದರೆ ಆ ಮಾತನ್ನು ಆಡುವ ಹಕ್ಕು ಕಲಾವಿದನಿಗೆ ಮಾತ್ರ. ಕೇಳುಗ ಆಡಿದರೆ ಅದು ವೇದಾಂತವಲ್ಲ, ಜಿಪುಣತನ. ನುಡಿಸುವವನ ಆನಂದ ಅವನ ಗಳಿಕೆ. ಅದನ್ನು ತೋರಿಸಿ ನಮ್ಮ ಸಾಲ ತೀರಿತೆನ್ನಲಾಗದು. ಸತ್ತ ಮೇಲೆ ಕೊಟ್ಟ ಮಾನವೂ ಬೇಡವೆಂದಲ್ಲ. ಅದು ನಮ್ಮ ಮಕ್ಕಳಿಗೆ ಪಾಠವಾದೀತು. ಆದರೆ ಹೋಟೆಲಿನ ಬಾಗಿಲಲ್ಲಿ ನಿಂತಿದ್ದವನಿಗೆ ಅದರಿಂದ ಹಾಸಿಗೆ ಸಿಗುವುದಿಲ್ಲ.

ಕೊಪ್ಪಳಕ್ಕೆ ನೆರೆಯ ಗದಗಿನಲ್ಲಿ ಪುಟ್ಟರಾಜ ಗವಾಯಿಗಳಿದ್ದರು. ಎಳವೆಯಲ್ಲೇ ಕಣ್ಣು ಕಳೆದುಕೊಂಡವರು, ಪೇಟಿಯ ಮೇಲೆ ಅವರ ಬೆರಳು ನಡೆದರೆ ಸಭೆ ಮೈಮರೆಯುತ್ತಿತ್ತು. ಅವರಿಗೆ ಪದ್ಮಭೂಷಣ ಬಂದದ್ದು 2010ರಲ್ಲಿ, ತೀರಿಕೊಂಡದ್ದೂ ಅದೇ ವರ್ಷ. ಆದರೆ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಮೊದಲು ಅನ್ನ, ಆಮೇಲೆ ಸ್ವರ ಎಂಬ ಕ್ರಮ ತಪ್ಪಲಿಲ್ಲ. ಅದಕ್ಕಾಗಿ ಅವರು ನಾಟಕ ಕಂಪನಿಯನ್ನೂ ನಡೆಸಿದರು. ನನ್ನ ಪ್ರಶ್ನೆಗೆ ನಾನು ಕಂಡ ಉತ್ತರ ಇದೇ. ಮಾನ ತಡವಾಗಿಯಾದರೂ ಬಂದೀತು. ಅನ್ನ, ಮಲಗಲು ಜಾಗ, ಹೆಸರು ಹಿಡಿದು ಕರೆಯುವ ಒಂದು ಮಾತು, ಇವು ನುಡಿಸುವವನ ಉಸಿರು ಇರುವಾಗಲೇ ತಲುಪಬೇಕು.